ಮೈಕಣ್ಣನ ಹೆಂಡತಿಯ ಪುಸ್ತಕ

ಕಲಾಭವನದಲ್ಲಿ ಮೈಕು ನೋಡಿಕೊಳ್ಳುವವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಸಭಾಂಗಣದ ಹಿಂಬದಿಯ ಪುಟ್ಟ ಕೋಣೆಯಲ್ಲಿ, ಗಾಜಿನ ಕಿಟಕಿಯ ಹಿಂದೆ ಕೂತು ಅವನು ಅದೆಷ್ಟೋ ವರ್ಷಗಳಿಂದ ಪುಸ್ತಕ ಬಿಡುಗಡೆಗಳನ್ನು ದಡ ಮುಟ್ಟಿಸುತ್ತಿದ್ದ. ಅಷ್ಟೂ ಭಾಷಣಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಕಿವುಡನೇನಲ್ಲ. ಲೇಖಕರ ಗಂಟಲಿನ ಗೊರಗೊರ, ಅಧ್ಯಕ್ಷರ ಕೆಮ್ಮು, ಮೈಕಿಗೆ ಉಂಗುರ ತಾಗಿದ ಸದ್ದು ಎಲ್ಲ ಕೇಳಿಸುತ್ತಿತ್ತು. ಮಾತು ಮಾತ್ರ ಒಳಗಿಳಿಯುತ್ತಿರಲಿಲ್ಲ. ಗಿರಣಿಯವನು ಬೀಸಿದ ಹಿಟ್ಟನ್ನೆಲ್ಲ ತಿನ್ನುತ್ತಾ ಕೂರುತ್ತಾನೆಯೇ ಎಂಬುದು ಅವನ ವಾದ.

ಈ ಚಾಳಿ ಮನೆಗೂ ಬಂದಿತ್ತು. ಹೆಂಡತಿ ಹೊಲಿಗೆ ಕೆಲಸದವಳು. ಊಟದ ಹೊತ್ತಿನಲ್ಲಿ ಅವಳು ಏನೇ ಹೇಳಲಿ, ಇವನದು ‘ಹೂಂ’. ಧ್ವನಿ ಸರಿಯಾಗಿ ಬರುತ್ತಿದೆ ಎಂಬುದಷ್ಟೇ ಅದರ ಅರ್ಥ.

ಒಂದು ಬೆಳಿಗ್ಗೆ ಭವನದ ಮೇಲ್ವಿಚಾರಕಿ ಅವನನ್ನು ಬಾಗಿಲಲ್ಲೇ ಹಿಡಿದಳು.

“ಕಂಗ್ರಾಟ್ಸ್ ಮೈಕಣ್ಣ. ಭಾನುವಾರ ನಿಮ್ಮನೆಯವರದ್ದೇ ಕಾರ್ಯಕ್ರಮ.”

“ಯಾರದು?”

“ನಿಮ್ಮ ಹೆಂಡ್ತಿದು. ಕಥೆ ಪುಸ್ತಕ. ಗೊತ್ತಿಲ್ವಾ?”

“ಗೊತ್ತು, ಗೊತ್ತು” ಎಂದು ಅವನು ವೈರು ಸುತ್ತತೊಡಗಿದ.

ಸಂಜೆ ಮನೆಯಲ್ಲಿ ಕೇಳಿದ, “ಪುಸ್ತಕ ಬರ್ದಿದೀಯಂತೆ?”

“ಹೇಳಿದ್ನಲ್ಲ.”

“ಯಾವಾಗ?”

“ಶುರು ಮಾಡಿದಾಗ ಹೇಳ್ದೆ. ಮುಗಿಸಿದಾಗ ಹೇಳ್ದೆ. ಅಚ್ಚಿಗೆ ಕೊಟ್ಟಾಗ್ಲೂ ಹೇಳ್ದೆ.”

“ನಾನೇನಂದೆ?”

“ಹೂಂ ಅಂದ್ರಿ.”

ಭಾನುವಾರ ಅವಳ ಗಿರಾಕಿಗಳು, ನೆಂಟರು, ಬಿಸ್ಕತ್ತಿಗಾಗಿ ಯಾವ ಸಭೆಯನ್ನೂ ತಪ್ಪಿಸದವರು ಎಲ್ಲ ಸೇರಿ ಸಭಾಂಗಣ ಮುಕ್ಕಾಲು ತುಂಬಿತು. ಮುಂದಿನ ಸಾಲಿನಲ್ಲಿ ಮೈಕಣ್ಣನ ಅಮ್ಮ. ವಿಮರ್ಶಕರೊಬ್ಬರು ಪುಸ್ತಕವನ್ನು ಹೊಗಳಿದರಂತೆ. ಮೈಕಣ್ಣನಿಗೆ ಕೇಳಿಸಿದ್ದು ಅವರ ಹಲ್ಲುಸೆಟ್ಟಿನ ಟಕಟಕ. ಹೆಂಡತಿ ಎದ್ದು ನಿಂತಾಗ, ಇದೊಂದನ್ನಾದರೂ ಕಿವಿಗೊಟ್ಟು ಕೇಳೋಣ ಎಂದು ಮುಂದಕ್ಕೆ ಬಾಗಿದ.

ಅವಳು ಒಂದು ಕಥೆ ಓದಿದಳು. ಅದರಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ. ಊಟಕ್ಕೆ ಕೂತಾಗ ಹೆಂಡತಿ ಹೇಳುತ್ತಾಳೆ, “ರೀ, ಇವತ್ತು ಮನೆ ಮಾರಿಬಿಟ್ಟೆ.” ಗಂಡ, “ಹೂಂ. ಆ ಉಪ್ಪು ಇತ್ತ ತಳ್ಳು.” ಸಭೆ ನಕ್ಕಿತು. ಮೈಕಣ್ಣನೂ ನಕ್ಕ.

“ನಾಳೆ ನಿಮ್ಮಮ್ಮನೂ ನಾನೂ ಕುಸ್ತಿ ಕಲಿಯೋಕೆ ಸೇರ್ತೀವಿ.”

“ಹೂಂ. ಬಿಸಿಲಿದೆ, ಕೊಡೆ ತಗೊಂಡು ಹೋಗು.”

ಮೈಕಣ್ಣನ ನಗು ನಿಂತಿತು. ಆ ಕೊಡೆಯ ಮಾತು ಅವನದೇ. ಯಾವುದಕ್ಕೆ ಹಾಗೆ ಹೇಳಿದ್ದೆ ಎಂದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಮುಂದಿನ ಸಾಲಿನಿಂದ ಅಮ್ಮ ಹಿಂದಕ್ಕೆ ತಿರುಗಿ ಗಾಜಿನ ಕಿಟಕಿಯನ್ನೇ ನೋಡುತ್ತಿದ್ದಳು. ಅವನ ಕೈ ಯಾವುದೋ ಗುಂಡಿಯನ್ನು ಪೂರ್ತಿ ಮೇಲಕ್ಕೇರಿಸಿತು. ಮೈಕು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಅವನ ಕೆಲಸದಲ್ಲಿ ಇದೇ ಮೊದಲು.

“ಯಾರಾದ್ರೂ ಹೋಗಿ ಅವನನ್ನ ಎಬ್ಬಿಸ್ರಪ್ಪ” ಎಂದಳು ಅಮ್ಮ.

ಸದ್ದು ಅಡಗುವವರೆಗೆ ಕಾದ ಹೆಂಡತಿ ಮೈಕಿನಲ್ಲೇ ಕೇಳಿದಳು, “ರೀ, ಕೇಳಿಸ್ತಾ ಇದ್ಯಾ?”

ಅವನು ಕಿಟಕಿ ಸರಿಸಿ ತಲೆ ಹೊರಗೆ ಹಾಕಿದ. “ಕೇಳಿಸ್ತಿದೆ. ಮುಂದೆ ಓದು.”

ಚಪ್ಪಾಳೆ ಬಿತ್ತು. ಇದೂ ಕಾರ್ಯಕ್ರಮದ ಭಾಗವೆಂದು ಬಹಳ ಜನ ತಿಳಿದರು.

ಮನೆಗೆ ನಡೆದು ಹೋಗುವಾಗ ಅವನು ಕೇಳಿದ, “ಆ ಗಡಿಯಾರದವನು ನಾನೇನಾ?”

“ಮಾತು ನಿಮ್ದು. ಅವನು ನಿಮಗಿಂತ ಸ್ವಲ್ಪ ವಾಸಿ.”

“ನಾನು ಕೊಡೆ ತಗೊಂಡು ಹೋಗು ಅಂದ ದಿನ ನೀನು ನಿಜವಾಗ್ಲೂ ಏನ್ ಹೇಳಿದ್ದೆ?”

“ಎದೇಲಿ ಗಂಟಿದೆ, ಡಾಕ್ಟರ ಹತ್ರ ಹೋಗ್ಬೇಕು ಅಂದಿದ್ದೆ.”

ಅವನು ರಸ್ತೆಯಲ್ಲೇ ನಿಂತುಬಿಟ್ಟ. “ಆಮೇಲೆ?”

“ಹೋಗಿ ಬಂದೆ. ಭಯ ಬೀಳೋ ಅಂಥದ್ದೇನಲ್ಲ ಅಂದ್ರು. ಬನ್ನಿ, ಬಸ್ಸು ಬರುತ್ತೆ, ದಾರಿ ಬಿಡಿ.”

ಅಂದಿನಿಂದ ಅವನಿಗೆ ಮಾತು ಕೇಳಿಸತೊಡಗಿತು. ಒಮ್ಮೆ ತೆರೆದ ಕಿವಿಯನ್ನು ಮತ್ತೆ ಮುಚ್ಚಲಾಗಲಿಲ್ಲ. ಕವಿಗಳ ಕಷ್ಟಸುಖ ಕೇಳುತ್ತಾ ಮೈಮರೆಯುವನು, ಮೈಕು ಕಿರುಚುವುದು. ಕೊನೆಗೆ ಅವನೇ ಮೇಲ್ವಿಚಾರಕಿಯನ್ನು ಕೇಳಿಕೊಂಡು ದೀಪದ ಕೆಲಸಕ್ಕೆ ಬದಲಾದ. ಮನೆಯಲ್ಲಿ ಈಗ ಹೆಂಡತಿ ಬಾಯಿ ತೆರೆದರೆ ತುತ್ತು ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತಾನೆ.

“ಹಾಗೆ ನೋಡ್ಬೇಡಿ” ಎನ್ನುತ್ತಾಳೆ ಅವಳು. “ಹೇಳೋದೇ ಮರ್ತೋಗುತ್ತೆ.”