ಕಾಂಡ್ಲಾ ಜೌಗಿನಲ್ಲಿ ಯಾರೋ ಹೇಳಿದ ಬಿಸ್ಮಿ

ನಾನು ಚಿಕ್ಕವನಿದ್ದಾಗಲೂ ನಮ್ಮ ಮನೆ ಇದ್ದದ್ದು ಒಮಾನಿನಲ್ಲೇ, ಮಕ್ಕಳೇ. ಆದರೆ ಅಲ್ ಮಬೇಲಾದ ಈ ಫ್ಲ್ಯಾಟಿನಂಥದ್ದಲ್ಲ. ಕಡಲ ಹತ್ತಿರ, ಕಫೀಲರ ಖರ್ಜೂರದ ತೋಟದ ಮೂಲೆಯಲ್ಲಿ, ತಗಡಿನ ಮಾಡಿನ ಎರಡು ಕೋಣೆ. ಕಫೀಲರೆಂದರೆ ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡ ಯಜಮಾನರು. ಅಪ್ಪ ಅವರ ತೋಟ ನೋಡಿಕೊಳ್ಳುತ್ತಿದ್ದ, ಅಮ್ಮ ಅವರ ಮನೆಯ ಅಡುಗೆ ಮಾಡುತ್ತಿದ್ದಳು. ತೋಟದ ಆಚೆ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜೌಗು. ದಿನಾ ಕಡಲು ಅದರೊಳಗೆ ಬಂದು ಹೋಗುತ್ತಿತ್ತು.

ಕಫೀಲರು ಶೋಕಿಗೆಂದು ಹಡಗಿನಲ್ಲಿ ಚುಕ್ಕೆ ಜಿಂಕೆಗಳನ್ನು ತರಿಸಿ ಸಾಕಿದ್ದರು. ಅವು ನಮ್ಮೂರ ಕಡೆಯವೇ. ಅವುಗಳಲ್ಲಿ ಒಂದು ಗಂಡು ಬೇಲಿ ಹಾರಿ ಜೌಗು ಸೇರಿತು. ಬೇಲಿ ಹಾರಲಿಲ್ಲ, ಯಾರೋ ಬಾಗಿಲು ತೆರೆದಿಟ್ಟಿದ್ದರು ಎನ್ನುತ್ತಾಳೆ ಅಕ್ಕ. ಇರಬಹುದು. ಅಂತೂ ಅದು ಸಂಜೆ ಸಂಜೆ ಹೊರಬಂದು ನೆರೆಯವರ ಮೇವಿನ ಗದ್ದೆ ಮೇಯತೊಡಗಿತು. ಬಲೆಗೆ ಬೀಳಲಿಲ್ಲ. ದೂರು ಕೇಳಿ ಸಾಕಾದ ಕಫೀಲರು ಅಪ್ಪನನ್ನು ಕರೆದು ಹೇಳಿದರು: "ಶುಕ್ರವಾರ ನೆಂಟರು ಊಟಕ್ಕೆ ಬರುತ್ತಾರೆ. ಅಷ್ಟರಲ್ಲಿ ಆ ಜಿಂಕೆ ನನ್ನ ಅಡುಗೆಮನೆಗೆ ಬರಬೇಕು. ಇಲ್ಲವಾದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಡು."

ಅಪ್ಪನಿಗೆ ಕೋವಿ ಗೊತ್ತಿರಲಿಲ್ಲ, ಬಿಲ್ಲು ಗೊತ್ತಿತ್ತು. ಊರಲ್ಲಿ ಹೊಳೆಯ ಮೀನಿಗೆ ಬಾಣ ಬಿಟ್ಟು ಬೆಳೆದವನು. ಬಿದಿರನ್ನು ಬಗ್ಗಿಸಿ ಬಿಲ್ಲು ಮಾಡಿಕೊಂಡ. ಬಾಣದ ಮೊನೆಯನ್ನು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ನಮ್ಮೂರವರು ಬಡಿದುಕೊಟ್ಟರು. ಒಂದು ಮಾತು ನಿಮಗೆ ಗೊತ್ತಿರಬೇಕು. ಬಾಣ ಬಿಡುವಾಗ ಬಿಟ್ಟವನೇ ದೇವರ ಹೆಸರು ಹೇಳಬೇಕು. ಅದಕ್ಕೆ ನಾವು ಬಿಸ್ಮಿ ಎನ್ನುತ್ತೇವೆ. ಹೇಳದೆ ಬಿಟ್ಟ ಬಾಣಕ್ಕೆ ಸತ್ತ ಪ್ರಾಣಿಯನ್ನು ನಮ್ಮ ಮನೆಯಲ್ಲೂ ತಿನ್ನುವುದಿಲ್ಲ, ಕಫೀಲರ ಮನೆಯಲ್ಲೂ ತಿನ್ನುವುದಿಲ್ಲ.

ಗುರುವಾರ ಮಧ್ಯಾಹ್ನ ನೀರು ಇಳಿದ ಮೇಲೆ ಹೊರಟೆವು. ಆಕಾಶ ಬೂದಿಯ ಬಣ್ಣಕ್ಕಿತ್ತು, ಗಾಳಿ ಇರಲಿಲ್ಲ. ಕೆಸರಿನಿಂದ ಬೆರಳುಗಳ ಹಾಗೆ ಬೇರುಗಳು ಎದ್ದು ನಿಂತಿದ್ದವು. ಏಡಿಗಳು ಬಿಲಕ್ಕೆ ಇಳಿಯುವ ಚಟಚಟ ಸದ್ದು ನಾವು ನಡೆದರೆ ನಿಲ್ಲುತ್ತಿತ್ತು, ನಾವು ನಿಂತರೆ ಶುರುವಾಗುತ್ತಿತ್ತು. ಕೊಳೆತ ಎಲೆ ಮತ್ತು ಉಪ್ಪಿನ ವಾಸನೆ ಗಂಟಲಿಗೆ ಅಂಟಿಕೊಂಡಿತು.

ಜಿಂಕೆ ಬರುವ ದಾರಿಗೆ ಎದುರಾಗಿ ಅಪ್ಪ ಕುಳಿತ. ಅದು ಪಕ್ಕಕ್ಕೆ ತಿರುಗದಂತೆ ಆ ಬದಿಗೆ ಅಕ್ಕ, ಈ ಬದಿಗೆ ನಾನು ನಿಲ್ಲಬೇಕಿತ್ತು. "ಹಲ್ಲು ಕಡಿಯಬೇಡ ಮಾರಾಯ, ಆ ಸದ್ದಿಗೇ ಜಿಂಕೆ ಮಸ್ಕತ್ತಿಗೆ ಓಡ್ತದೆ," ಎಂದು ಅಕ್ಕ ಛೇಡಿಸಿ ಹೋದಳು. ಕೂಗಿದರೆ ಮಾತ್ರ ಒಬ್ಬರದು ಒಬ್ಬರಿಗೆ ಕೇಳುವಷ್ಟು ದೂರದಲ್ಲಿ ಮೂವರೂ ನಿಂತೆವು.

ಅದು ಬಂದದ್ದು ನನಗೆ ಕಾಣಲಿಲ್ಲ. ಮೊದಲು ಖಾಲಿ ಕೆಸರಿತ್ತು, ಆಮೇಲೆ ಅಲ್ಲಿ ಜಿಂಕೆ ನಿಂತಿತ್ತು. ಒದ್ದೆ ಮೈಯ ಚುಕ್ಕೆಗಳು ಎಲೆಗಳ ನಡುವಿನ ಬೆಳಕಿನಂತೆಯೇ ಇದ್ದವು. ಅಪ್ಪ ಬಿಲ್ಲು ಎಳೆದ. ಏಡಿಗಳು ಸುಮ್ಮನಾದವು. ಆಗ ಬಿಸ್ಮಿ ಕೇಳಿತು. ಮೆಲ್ಲಗೆ, ಸ್ಪಷ್ಟವಾಗಿ, ನನ್ನ ಕಿವಿಯ ಬುಡದಲ್ಲೇ. ಬಾಣ ಹೊರಟಿತು. ಜಿಂಕೆ ಮೊಣಕಾಲೂರಿ ಕುಸಿಯಿತು. ಅಪ್ಪ ಚೂರಿ ಹಿಡಿದು ಓಡಿಬರುವಷ್ಟರಲ್ಲಿ ಜೀವ ಹೋಗಿತ್ತು.

"ಬಿಸ್ಮಿ ಹೇಳಿದ್ದು ಯಾರು?" ಅಪ್ಪ ನಮ್ಮಿಬ್ಬರ ಮುಖ ನೋಡಿದ.

"ನಾನಲ್ಲ," ಎಂದೆ.

"ನೀವೇ ಅಲ್ವಾ ಅಪ್ಪ? ನನ್ನ ಕಿವಿಯಲ್ಲೇ ಹೇಳಿದ ಹಾಗಿತ್ತು," ಎಂದಳು ಅಕ್ಕ.

ಅಪ್ಪನ ತುಟಿ ಒಣಗಿತ್ತು. "ನಾನು ಹೇಳುವ ಮೊದಲೇ ಅದು ಕೇಳಿತು. ಬೆಚ್ಚಿಬಿದ್ದು ಬಾಣ ಬಿಟ್ಟುಬಿಟ್ಟೆ."

ಜಿಂಕೆಯನ್ನು ಕೋಲಿಗೆ ಕಟ್ಟಿ ತಂದೆವು. ಬಿಸ್ಮಿ ಹೇಳಿದ್ದು ತಾನೇ ಎಂದು ಅಪ್ಪ ಒಂದು ಸುಳ್ಳು ಹೇಳಿದರೆ ನಾವು ಇಲ್ಲಿ ಉಳಿಯುತ್ತಿದ್ದೆವು. ತೋಟದ ಬಾಗಿಲಲ್ಲಿ ನಿಂತಿದ್ದ ಕಫೀಲರು ಜಿಂಕೆ ನೋಡಿ ನಕ್ಕರು. "ಬಿಸ್ಮಿ ಹೇಳಿದೆಯಲ್ಲ?"

"ನಾನು ಹೇಳಲಿಲ್ಲ, ಅರ್ಬಾಬ್. ಯಾರೋ ಹೇಳಿದರು. ಅಲ್ಲಿ ಯಾರೂ ಇರಲಿಲ್ಲ."

ಕಫೀಲರ ನಗು ಆರಿತು. ಅವರು ಜಿಂಕೆಯನ್ನು ಬಿಟ್ಟು ಜೌಗಿನ ಕಡೆ ನೋಡಿದರು. ನೀರು ಮತ್ತೆ ಏರತೊಡಗಿತ್ತು. "ನನ್ನ ತಂದೆಗೂ ಅಲ್ಲಿ ಆ ದನಿ ಕೇಳಿತ್ತು," ಎಂದರು. "ಇದು ಆ ದನಿಯ ಬೇಟೆ, ನಮ್ಮದಲ್ಲ. ತಂದಲ್ಲಿಗೇ ಒಯ್ದು ಹೂಳು. ಯಲ್ಲಾ, ಕತ್ತಲಾಗುವ ಮೊದಲು. ಊಟಕ್ಕೆ ಆಡು ಕೊಯ್ಯೋಣ." ನಾವು ಊರಿಗೆ ಹೊರಡುವ ಮಾತು ಆಮೇಲೆ ಬರಲೇ ಇಲ್ಲ.

ಖಸಬ್‌ನಲ್ಲಿರುವ ಅಕ್ಕ ಫೋನಿನಲ್ಲಿ ಈಗ ಬೇರೆಯೇ ಹೇಳುತ್ತಾಳೆ. ದನಿ ಗಿನಿ ಇರಲಿಲ್ಲ, ಅಪ್ಪ ಮರೆತಿದ್ದ, ನಾವು ಹೆದರಿದ್ದೆವು, ಅಷ್ಟೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಕೆಲವೊಮ್ಮೆ ಆ ದನಿ ಅಪ್ಪನದು, ಕೆಲವೊಮ್ಮೆ ಅಮ್ಮನದು. ಏಡಿಗಳು ಸುಮ್ಮನಾದದ್ದು ಮಾತ್ರ ಬದಲಾಗುವುದಿಲ್ಲ.

ಈಗ ಆ ಜೌಗಿಗೆ ಬೇಲಿಯಿದೆ, ಪಕ್ಕದಲ್ಲಿ ಕಾರುಗಳು ಓಡುತ್ತವೆ. ನಿಮಗೆ ಬೇಟೆಯೆಂದರೆ ಎಸಿಯ ತಂಪಿನಲ್ಲಿ ಸೋಫಾದ ಮೇಲೆ ಮಲಗಿ ಫೋನಿನಲ್ಲಿ ಆಡುವ ಆಟ. ಬೆರಳಿಂದ ಬಿಲ್ಲೆಳೆದರೆ ಜಿಂಕೆ ಬೀಳುತ್ತದೆ. ವಾಸನೆ ಇಲ್ಲ, ಹೂಳುವ ಕೆಲಸವಿಲ್ಲ. ಬಿದ್ದದ್ದು ಮತ್ತೆ ಎದ್ದು ಮೇಯುತ್ತದೆ. ನಿನ್ನೆ ನಾನು ನಿಮ್ಮ ಹಿಂದೆ ಕುರ್ಚಿಯಲ್ಲಿದ್ದೆ. ಕಿರಿಯವಳು ಬೆರಳು ಬಿಡುವ ಮೊದಲು ತಟ್ಟನೆ ತಿರುಗಿ ನೋಡಿದಳು.

"ಅಜ್ಜಾ, ವಾಸ್ ದಟ್ ಯು? ಬಿಸ್ಮಿ ಹೇಳಿದ್ದು ನೀವಾ?"

ಹೌದು ಎಂದು ತಲೆಯಾಡಿಸಿದೆ. ನಾನು ಬಾಯಿ ತೆರೆದ ನೆನಪಿಲ್ಲ.