ಅಕ್ಕನ ಕೈಯ ಜೋಮು

ನನ್ನ ಅಕ್ಕ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಸೀರೆಯ ಒಡಲಿಗೆ ಸೆರಗು ಕೂಡಿಸುವುದೆಂದರೆ ಅವಳಿಗೆ ಪ್ರಾಣ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಬೆರಳಿನಿಂದಲೇ ಕೊಂಡಿ ಹಾಕಬೇಕು. ಅವಳು ನನ್ನೊಡನೆ ಹರಟುತ್ತ, ಬಾಗಿಲ ಕಡೆ ನೋಡುತ್ತಲೇ ಕೂಡಿಸಿಬಿಡುತ್ತಿದ್ದಳು.

ಒಂದು ಚಳಿಗಾಲದ ಮುಂಜಾನೆ ಪಾತ್ರೆ ತೊಳೆದು ಬಂದಾಗ ಅವಳ ಎರಡು ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಆಮೇಲೆ ನೀಲಿಗಟ್ಟಿ, ಕೆಂಪಾಗಿ, ಉರಿದು ಸರಿಹೋದವು. ಅವಳ ಅತ್ತೆ ನಕ್ಕರು.

"ನನ್ನ ಕೈನೂ ಜೋಮು ಹಿಡಿತೈತಿ. ಯಾರಿಗಿಲ್ಲವಾ ಇದು?"

ಅದು ಸುಳ್ಳಲ್ಲ. ನೆರೆಮನೆಯವಳಿಗಿತ್ತು, ನಾನು ಕಲಿಸುವ ಶಾಲೆಯಲ್ಲಿ ಇಬ್ಬರಿಗಿತ್ತು. ಎಲ್ಲರಿಗೂ ಇರುವುದಕ್ಕೆ ಯಾರು ಹೆದರುತ್ತಾರೆ?

ಮುಂದಿನ ಚಳಿಗೆ ಬೆರಳ ತುದಿಯಲ್ಲಿ ಹುಣ್ಣಾದವು, ಮುಟ್ಟಿದ್ದೂ ತಿಳಿಯದಾಯಿತು. ನವನಗರಕ್ಕೆ, ನನ್ನ ಮನೆಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ಅವರು ಅವಳ ಕೈಯ ಬಿಗಿದ ಚರ್ಮವನ್ನು ಒತ್ತಿ ನೋಡಿದರು.

"ರೇನಾಡ್ ಅಂತಾರ್ರಿ ಇದಕ್ಕ. ಥಂಡಿಗಿ ಬೆರಳು ಬಿಳಿಚೋದು ಭಾಳ ಮಂದಿಗಿ ಇರ್ತೈತಿ. ಹೆಚ್ಚಿನವರಿಗೆ ಏನೂ ಆಗೂದಿಲ್ಲ. ಆದ್ರ ನಿಮ್ಮದು ಹಂಗಲ್ರಿ. ಇದರ ಹಿಂದ ಚರ್ಮ ಬಿಗಿಸೂ ಬ್ಯಾರೆ ರೋಗ ಐತಿ."

ಮನೆಗೆ ಬಂದ ಮೇಲೆ ಅಕ್ಕ ಮಂಚದ ಅಂಚಿಗೆ ಕೂತಳು. "ಅಷ್ಟ ಮಂದಿಗಿ ಏನೂ ಆಗೂದಿಲ್ಲಂತ. ನನಗ ಒಬ್ಬಾಕಿಗಿ ಯಾಕವಾ?" ಅವಳ ಕೈಗಳನ್ನು ನನ್ನ ಕೈಗಳಲ್ಲಿ ಹಿಡಿದು ಉಜ್ಜಿದೆ. ಬೆಚ್ಚಗಾಗಲೇ ಇಲ್ಲ.

ಗುಳಿಗೆಗಳಿಂದ ಹುಣ್ಣು ಮಾಯ್ದವು, ಸ್ಪರ್ಶ ಮರಳಲಿಲ್ಲ. ಎಳೆ ಬೆರಳಲ್ಲಿದೆಯೋ ಜಾರಿತೋ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಕೂಡಿಸಿದ್ದ ಸೆರಗು ಸಾಲಾಗಿ ಬಿಚ್ಚಿಕೊಂಡಿತು. ಭಾವ ಪಕ್ಕದಲ್ಲಿ ಕೂತು ಉಳಿದ ಕೊಂಡಿಗಳನ್ನು ಬಿಡಿಸತೊಡಗಿದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಆಮೇಲೆ ಹೇಳಿದಳು. ಅಂದು ಎದ್ದವಳು ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಈಗ ಸೆರಗು ಕೂಡಿಸಲು ಓಣಿಯ ಇನ್ನೊಬ್ಬ ಹೆಂಗಸು ಬರುತ್ತಾಳೆ. ಅವಳು ಬಂದಾಗ ಅಕ್ಕ ಹಿತ್ತಲಿಗೆ ಹೋಗುತ್ತಾಳೆ.

ಹೋದ ಸಂಕ್ರಾಂತಿಗೆ ನನ್ನ ಮನೆಗೆ ಬಂದಿದ್ದಳು. ನಾನು ಉಡಲೆಂದು ಹಳೆಯ ಸೀರೆಯೊಂದನ್ನು ತೆಗೆದಿದ್ದೆ. ಅವಳು ಸೆರಗಿನ ಕೂಡಿಕೆಯ ಮೇಲೆ ಬೆರಳಾಡಿಸಿದಳು. ಏನೂ ತಿಳಿಯಲಿಲ್ಲವೇನೋ, ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ನಾನ ಕೂಡಿಸಿದ್ದೇನ ಇದು?"

"ಹೂಂ, ನೀನ."

ಅವಳು ಸೀರೆಯನ್ನು ನನ್ನ ಕೈಗಿಟ್ಟು, "ಬ್ಯಾರೆದು ಉಡವಾ ಇವತ್ತ" ಎಂದು ಒಳಗೆ ಹೋದಳು.