ಹಲಸು ಒಳ್ಳೆಯದೆಂದವನು ನಾನೇ

ಹಲಸಿನ ಹಣ್ಣು ಬಿಡಿಸುವವರ ಕೈಗೆ ಎಣ್ಣೆ ಸವರಬೇಕಾಗುತ್ತದೆ. ಅದನ್ನು ಬೇಡುವವರ ನಾಲಿಗೆ ಮಾತ್ರ ತಾನಾಗಿಯೇ ನುಣುಪಾಗುತ್ತದೆ. ನನ್ನದು ಅಂಥ ನಾಲಿಗೆ, ಗೆಳೆಯರೇ. ಸಕ್ಕರೆ ಕಾಯಿಲೆ ಬಂದಂದಿನಿಂದ ನನ್ನ ಹೆಂಡತಿ ಹಲಸನ್ನು ಹೊಸ್ತಿಲು ದಾಟಗೊಡುವುದಿಲ್ಲ. ಆದರೆ ದಾಂಡೇಲಿಯ ನಮ್ಮ ಓಣಿಯಲ್ಲೇ ಇರುವ ಗೆಳೆಯ ಖಾದರಸಾಬನ ಹಿತ್ತಿಲಲ್ಲಿ ಬಕ್ಕೆ ಹಲಸಿನ ಮರವಿದೆ. ಗಟ್ಟಿ ತೊಳೆ, ಜೇನಿನ ರುಚಿ. ಅವನಿಗೂ ನನ್ನದೇ ಕಾಯಿಲೆ. ಅಡ್ಡಿಯೆಂದರೆ ಅವನ ಹೆಂಡತಿ, ನಮ್ಮ ಭಾಭಿ.

ಪತ್ರಿಕೆಯ ಆರೋಗ್ಯದ ಪುಟದಲ್ಲಿ ಒಮ್ಮೆ ಹಲಸಿನ ಗುಣಗಾನ ಬಂದಿತ್ತು. ಎಳೆಗಾಯಿಯಲ್ಲಿ ನಾರು ಹೆಚ್ಚು, ಅನ್ನ ಕಡಿಮೆ ಮಾಡಿ ಅದರ ಪಲ್ಯ ತಿಂದರೆ ಸಕ್ಕರೆ ಕಾಯಿಲೆಯವರಿಗೆ ಹಿತ, ಹಣ್ಣು ಮಾತ್ರ ಬೇಡ ಎಂದಿತ್ತು. ನಾನು ಅದನ್ನು ಭಾಭಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕಾಯಿಯನ್ನು ಬಾಯಲ್ಲೇ ಹಣ್ಣು ಮಾಡಿದೆ, ಕೊನೆಯ ಮಾತನ್ನು ನುಂಗಿಕೊಂಡೆ. ಹೈಸ್ಕೂಲು ಕಲಿತವನು ಸುಳ್ಳು ಓದುತ್ತಾನೆಯೇ ಎಂದು ನಂಬಿದ ಆ ತಾಯಿ ದಿನಾ ಮಧ್ಯಾಹ್ನ ತಾವೇ ತೊಳೆ ಬಿಡಿಸಿ ನಮ್ಮಿಬ್ಬರ ಮುಂದಿಟ್ಟರು. ಅಷ್ಟು ಶ್ರದ್ಧೆಯಿಂದ ಔಷಧ ಸೇವಿಸಿದ ರೋಗಿಗಳು ಹಳಿಯಾಳದಿಂದ ಜೋಯಿಡಾದವರೆಗೆ ಹುಡುಕಿದರೂ ಸಿಕ್ಕಲಿಕ್ಕಿಲ್ಲ.

ಅಷ್ಟರಲ್ಲಿ ಚಪ್ಪಲಿ ಕಚ್ಚಿ ಖಾದರನ ಕಾಲಿಗಾದ ಗಾಯ ಮಾಯಲೇ ಇಲ್ಲ. ಸಕ್ಕರೆ ವಿಪರೀತ ಏರಿದೆ, ಹೀಗೇ ಬಿಟ್ಟರೆ ಬೆರಳು ಹೋದೀತು ಎಂದರು ಡಾಕ್ಟರು. ಡಾಕ್ಟರ ಮುಂದೆ ಅವನು ನನ್ನ ಹೆಸರು ಎತ್ತಲಿಲ್ಲ. ನೋಡಲು ಹೋದ ನನಗೆ ಕಣ್ಣು ಮಿಟುಕಿಸಿದ. ನಾನೂ ನಕ್ಕುಬಿಡುತ್ತಿದ್ದೆನೇನೋ, ಭಾಭಿ ತಮ್ಮ ಅಂಗೈ ನೋಡಿಕೊಳ್ಳದಿದ್ದರೆ.

"ಈ ಕೈಯಿಂದನ ತಿನ್ನಿಸೇನ್ರಿ ಭಾಯಿಸಾಬ. ತಪ್ಪೆಲ್ಲಾ ನಂದ."

ಆ ಮಾತು ಹಲಸಿನ ಮೇಣದಂತೆ ನನಗೆ ಅಂಟಿಕೊಂಡಿತು. ಮರುದಿನ ಹೋಗಿ, ಓದಿದ್ದನ್ನೂ ಓದದೆ ಬಿಟ್ಟಿದ್ದನ್ನೂ ಭಾಭಿಯ ಮುಂದೆ ಒಪ್ಪಿಸಿದೆ. ಆಸೆ ತನಗೂ ಇತ್ತೆಂದು ಖಾದರ ನಡುವೆ ಬಾಯಿ ಹಾಕಿದ. ಭಾಭಿ ಬೈಯಲಿಲ್ಲ. ಹಿತ್ತಿಲಿಗೆ ಹೋಗಿ ಎಳೆಗಾಯಿ ಕೊಯ್ದು ತಂದರು, ಬೆಲ್ಲ ಸೋಕದ ಪಲ್ಯ ಮಾಡಿದರು, ಎರಡು ತಾಟು ಇಟ್ಟರು.

"ಪೇಪರದಾಗ ಇದ್ದದ್ದು ಇದ ಹೌದಲ್ರಿ? ಇವರ ಗಾಯ ಮಾಯೂ ತನಕ ದಿನಾ ಬಂದು ಜೋಡಿ ಕೂತು ಉಣ್ಣರಿ. ಒಬ್ಬರ ಕೂತು ಪಥ್ಯಾ ಮಾಡಾಕ ಇವರಿಗೆ ಬ್ಯಾಸರಾಗತೈತಿ."

ಮೊದಲ ತುತ್ತು ನಿಜಕ್ಕೂ ಶಿಕ್ಷೆಯೇ. ಆದರೆ ಶಿಕ್ಷೆಗೂ ಒಗ್ಗರಣೆ ಬಿದ್ದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಡಾಕ್ಟರ ಮಾತ್ರೆ ಕೆಲಸ ಮಾಡಿತೋ, ಭಾಭಿಯ ಪಥ್ಯವೋ, ಗಾಯ ಮಾಯ್ದು ಈಗ ಎಷ್ಟೋ ದಿನವಾಯಿತು. ನನ್ನ ತಾಟು ಎತ್ತಿಬಿಟ್ಟಾರೆಂದು ಖಾದರ ಮಾತ್ರ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಊಟಕ್ಕೆ ಕೂರುತ್ತಾನೆ. ದಿನಾ ಬೆಳಿಗ್ಗೆ ಆ ಪಟ್ಟಿ ಬದಲಿಸಿ ಕಟ್ಟುವವರು ಭಾಭಿಯೇ.